ಸೋತ ಮೇಲೆ ಹುಟ್ಟಿದ ಕಾರಣ

ಅಮೆರಿಕದ ಅಂತರ್ಯುದ್ಧಕ್ಕೆ (1861–65) ರಾಜ್ಯಗಳ ಹಕ್ಕೇ ಕಾರಣ, ಗುಲಾಮಗಿರಿಯಲ್ಲ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಯಾವುದರ ಹಕ್ಕು? ಒಕ್ಕೂಟವನ್ನು ತೊರೆದ ಮಿಸಿಸಿಪ್ಪಿ ರಾಜ್ಯವು 1861ರ ಘೋಷಣೆಯಲ್ಲಿ ತನ್ನ ನಿಲುವಿಗೆ ಗುಲಾಮಗಿರಿಯೇ ಆಧಾರವೆಂದು ಸಾರಿತು. ಪಲಾಯನಗೈದ ಗುಲಾಮರನ್ನು ಹಿಡಿದೊಪ್ಪಿಸುವ 1850ರ ಕಾಯಿದೆಯನ್ನು ಉತ್ತರದ ರಾಜ್ಯಗಳು ವಿರೋಧಿಸಿದಾಗ, ಕೇಂದ್ರದ ಬಲವನ್ನು ಬೇಡಿದವರು ದಕ್ಷಿಣದವರೇ. ಕರಿಯರ ದಾಸ್ಯವೇ ತಮ್ಮ ನೂತನ ಸರ್ಕಾರದ ಅಸ್ತಿಭಾರವೆಂದು 1861ರಲ್ಲಿ ಭಾಷಣ ಮಾಡಿದ ದಕ್ಷಿಣದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್, ಸೋತ ಮೇಲೆ ಅದು ಸಂವಿಧಾನದ ತಾತ್ತ್ವಿಕ ವಿವಾದವೆಂದು ಗ್ರಂಥವನ್ನೇ ಬರೆದರು. ಉತ್ತರವು ಮೊದಲು ಒಕ್ಕೂಟದ ರಕ್ಷಣೆಗಾಗಿಯೇ ಹೋರಾಡಿತೆಂಬುದು ನಿಜ. ಆದರೆ ಆ ಒಕ್ಕೂಟ ಒಡೆದದ್ದೇಕೆ? ಸುಮಾರು 40 ಲಕ್ಷ ಮಾನವರ ಬಂಧನವನ್ನು ಕಾರಣಗಳ ಪಟ್ಟಿಯಿಂದ ಅಳಿಸುವುದು ಅಭಿಪ್ರಾಯಭೇದವಲ್ಲ, ಅಸತ್ಯ.