ಚೀಟಿಯಲ್ಲಿ ಹೆಸರಿದ್ದರೆ ಸಾಕೇ?



ಇಂದು ಒಂದು ಪುಟ್ಟ ಶೀಸೆಯ ಬಗ್ಗೆ ಬರೆಯುತ್ತಿದ್ದೇನೆ. ಒಳಗೆ ಕೆಲವು ಹನಿ ದ್ರಾವಣ. ಹೊರಗಿನ ಚೀಟಿಯಲ್ಲಿ 'ಇಝಡ್‌ಎಚ್2 ಪ್ರತಿಕಾಯ, ಮನುಷ್ಯ ಜೀವಕೋಶಗಳಿಗೆ, ಸಂಶೋಧನೆಗೆ ಮಾತ್ರ' ಎಂಬ ಬರಹ. ಬೆಲೆ ಹತ್ತಾರು ಸಾವಿರ ರೂಪಾಯಿ. ಚೀಟಿಯಲ್ಲಿ ಬರೆದದ್ದನ್ನೇ ಈ ದ್ರಾವಣ ಹಿಡಿಯುತ್ತದೆ ಎಂದು ಪರೀಕ್ಷಿಸದೆ ನಂಬಿದರೆ ಅದು ವಿಜ್ಞಾನವೇ? ಖಂಡಿತ ಅಲ್ಲ.

ಇಝಡ್‌ಎಚ್2 ಅಂದರೇನು? ನಮ್ಮ ಜೀವಕೋಶದೊಳಗೆ ಡಿಎನ್‌ಎ ಎಳೆಯು ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಉಂಡೆಗೆ ನೂಲು ಸುತ್ತಿದಂತೆ ಸುತ್ತಿಕೊಂಡಿದೆ. ಇಝಡ್‌ಎಚ್2 ಒಂದು ಕಿಣ್ವ. ಎಚ್3 ಎಂಬ ಹಿಸ್ಟೋನಿನ 27ನೇ ಲೈಸಿನ್ ಮೇಲೆ ಮೀಥೈಲ್ ಗುರುತು ಇಡುವುದು ಅದರ ಕೆಲಸ. ಗುರುತು ಬಿದ್ದ ಕಡೆ ಜೀನ್ ಸುಮ್ಮನಾಗುತ್ತದೆ. ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಈ ಕಿಣ್ವ ಹೆಚ್ಚಿರುತ್ತದೆಂದು 2002ರಲ್ಲಿ ಪ್ರಕಟವಾಯಿತು. ಅಂದಿನಿಂದ ಅದನ್ನು ಅಳೆಯುವವರು ಹೆಚ್ಚಿದರು, ಪ್ರತಿಕಾಯ ಮಾರುವವರೂ ಹೆಚ್ಚಿದರು.

ಈಗ ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಬನ್ನಿ. ಎಲೆಯಲ್ಲಿ ಪಿಷ್ಟ ತಯಾರಾಗಲು ಬೆಳಕು ಬೇಕು ಎಂದು ಮಕ್ಕಳಿಗೆ ಹೇಗೆ ತೋರಿಸುತ್ತೇವೆ? ಎಲೆಯ ಒಂದು ಭಾಗಕ್ಕೆ ಕಪ್ಪು ಕಾಗದ ಕಟ್ಟುತ್ತೇವೆ. ಅಯೋಡಿನ್ ಹಾಕಿದಾಗ ಬಿಸಿಲು ಕಂಡ ಭಾಗ ಕಡುನೀಲಿಯಾಗಬೇಕು, ಕಾಗದ ಕಟ್ಟಿದ ಭಾಗ ಆಗಬಾರದು. ಇಡೀ ಎಲೆ ನೀಲಿಯಾಯಿತೆಂದು ಕುಣಿಯುವ ಹುಡುಗನಿಗೆ ನಾವು ಅಂಕ ಕೊಡುತ್ತೇವೆಯೇ? 'ಕಪ್ಪು ಕಾಗದ ಎಲ್ಲಿ?' ಎಂದು ಕೇಳುತ್ತೇವೆ.

ಪ್ರತಿಕಾಯದ ಮಟ್ಟಿಗೂ ಕಪ್ಪು ಕಾಗದ ಇದೆ. ಕ್ರಿಸ್ಪರ್ ವಿಧಾನದಿಂದ ಇಝಡ್‌ಎಚ್2 ಜೀನನ್ನೇ ಕೆಡಿಸಿದ ಕೋಶಗಳನ್ನು ಬೆಳೆಸಬಹುದು. ಮಾಮೂಲಿ ಕೋಶದಲ್ಲಿ ಸಂಕೇತ ಬರಬೇಕು, ಈ ಕೋಶದಲ್ಲಿ ಬರಬಾರದು. ಅಲ್ಲೂ ಬಂತೆಂದರೆ ಪ್ರತಿಕಾಯ ಬೇರೇನನ್ನೋ ಹಿಡಿಯುತ್ತಿದೆ. ಅಷ್ಟೇ!

'ಸರಿಯಾದ ತೂಕದಲ್ಲಿ ಒಂದೇ ಪಟ್ಟಿ ಕಾಣುತ್ತದಲ್ಲ' ಎನ್ನುವವರಿದ್ದಾರೆ. ಇಝಡ್‌ಎಚ್2ರಲ್ಲಿ 746 ಅಮೈನೋ ಆಮ್ಲಗಳು. ಅದರ ಸೋದರ ಇಝಡ್‌ಎಚ್1ರಲ್ಲಿ 747! ರಚನೆಯಲ್ಲೂ ಹೋಲಿಕೆ ಬಹಳ. ತೂಕ ನೋಡಿ ಅಣ್ಣನೋ ತಮ್ಮನೋ ಎಂದು ಹೇಳುವುದು ಹೇಗೆ?

'ನೂರಾರು ಲೇಖನಗಳಲ್ಲಿ ಬಳಸಿದ್ದಾರೆ' ಎನ್ನುವುದು ಇನ್ನೊಂದು ಸಮರ್ಥನೆ. 2023ರಲ್ಲಿ ವೈಕ್ಯಾರೋಸ್ ಎಂಬ ತಂಡ ನರಮಂಡಲಕ್ಕೆ ಸಂಬಂಧಿಸಿದ 65 ಪ್ರೋಟೀನ್‌ಗಳ 614 ಪ್ರತಿಕಾಯಗಳನ್ನು ಇದೇ ಕಪ್ಪು ಕಾಗದದ ರೀತಿಯಲ್ಲಿ ಪರೀಕ್ಷಿಸಿ ವರದಿ ಕೊಟ್ಟಿತು. ಗುರಿಯನ್ನೇ ಗುರುತಿಸದ ಪ್ರತಿಕಾಯ ಬಳಸಿದ ಲೇಖನಗಳು ಪ್ರತಿ ಪ್ರೋಟೀನಿಗೆ ಸರಾಸರಿ ಸುಮಾರು 12 ಸಿಕ್ಕವು. ಪ್ರೋಟೀನ್ ಬೇರೆ ಇರಬಹುದು. ಅಂಗಡಿ ಒಂದೇ, ರೂಢಿ ಒಂದೇ. ಹಿಸ್ಟೋನ್ ಗುರುತುಗಳನ್ನು ಹಿಡಿಯುವ ಪ್ರತಿಕಾಯಗಳ ಕಥೆಯೂ ಅಷ್ಟೆ. 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 200ಕ್ಕೂ ಹೆಚ್ಚು ಪ್ರತಿಕಾಯಗಳ ಪೈಕಿ ಕಾಲು ಭಾಗಕ್ಕಿಂತ ಹೆಚ್ಚು ನಪಾಸು. ನೂರು ಮಂದಿ ನಕಲು ಹೊಡೆದ ಉತ್ತರ ಸರಿಯುತ್ತರ ಆಗುವುದಿಲ್ಲ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಖರ್ಚಿನ ಮಾತೇ? ಕೆಟ್ಟ ಪ್ರತಿಕಾಯಗಳಿಂದ ಜಗತ್ತಿನಲ್ಲಿ ವರ್ಷಕ್ಕೆ 80 ಕೋಟಿ ಡಾಲರ್ ಪೋಲಾಗುತ್ತಿದೆ ಎಂದು 2015ರಲ್ಲಿ ನೇಚರ್ ಪತ್ರಿಕೆಯಲ್ಲಿ ಬ್ರಾಡ್‌ಬರಿ ಮತ್ತು ಪ್ಲುಕ್ತುನ್ ಅಂದಾಜು ಕೊಟ್ಟರು. ಪರೀಕ್ಷೆಗೆ ಹಣ ಇಲ್ಲ, ಪೋಲು ಮಾಡಲು ಇದೆ! ಇದರಲ್ಲಿ ತೆರಿಗೆ ಕಟ್ಟುವವರ ದುಡ್ಡೂ ಇದೆ, ಔಷಧಕ್ಕಾಗಿ ಕಾದು ಕುಳಿತ ರೋಗಿಯ ಸಮಯವೂ ಇದೆ.

ಎಲ್ಲ ಕಂಪನಿಗಳೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ಆ 2023ರ ಪರೀಕ್ಷೆಗೆ ಪ್ರತಿಕಾಯ ಕೊಟ್ಟವರೂ ಕಂಪನಿಗಳೇ. ಫಲಿತಾಂಶ ನೋಡಿ, ನಿರೀಕ್ಷೆ ಮುಟ್ಟದ ಪ್ರತಿಕಾಯಗಳಲ್ಲಿ ಸುಮಾರು ಶೇಕಡಾ 20ರಷ್ಟನ್ನು ಮಾರುಕಟ್ಟೆಯಿಂದ ವಾಪಸು ಪಡೆದರು. ಇನ್ನು ಸುಮಾರು ಶೇಕಡಾ 40ರಷ್ಟರ ಬಳಕೆಯ ಸೂಚನೆಯನ್ನೇ ತಿದ್ದಿದರು. ಅಂದರೆ ಕೇಳಿದರೆ ಆಗುತ್ತದೆ. ಕೇಳುವವರು ಬೇಕು. ಜೀನ್ ಕೆಡಿಸಿದರೆ ಕೋಶ ಬದುಕದು ಎಂಬಂಥ ಸಂದರ್ಭಗಳಿಗೂ ದಾರಿಯಿದೆ: ಜೀನಿನ ಕೆಲಸವನ್ನು ತಗ್ಗಿಸಿ ನೋಡಬಹುದು, ಬೇರೆ ಬೇರೆ ಭಾಗ ಹಿಡಿಯುವ ಎರಡು ಪ್ರತಿಕಾಯಗಳನ್ನು ಹೋಲಿಸಬಹುದು. ನೆಪ ಮಾತ್ರ ಬೇಡ.

ಆ ಪ್ರೋಟೀನ್ ಇಲ್ಲದ ಕೋಶದ ಚಿತ್ರ ತೋರಿಸದ ಪ್ರತಿಕಾಯವನ್ನು ಕೊಳ್ಳಬಾರದು, ಅಂಥ ಪುರಾವೆ ಇಲ್ಲದ ಲೇಖನವನ್ನು ಸಂಪಾದಕರು ಅಚ್ಚು ಮಾಡಬಾರದು. ನಮ್ಮ ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳು ನಾಳೆ ದೊಡ್ಡ ಪ್ರಯೋಗಾಲಯಗಳಿಗೆ ಹೋಗುತ್ತಾರೆ. ಅಲ್ಲಿನ ಇಂಗ್ಲಿಷಿಗೆ, ಮಿನುಗುವ ಯಂತ್ರಗಳಿಗೆ ಹೆದರಿ ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ. ಎಂಟನೆಯ ತರಗತಿಯ ಪ್ರಶ್ನೆಯನ್ನೇ ಧೈರ್ಯವಾಗಿ ಕೇಳಲಿ: ಕಪ್ಪು ಕಾಗದ ಎಲ್ಲಿ?

ಏನಂತೀರಿ?