ತುರು ಕಾದವನ ಕಲ್ಲಿಗೂ ಒಂದು ದಾಖಲೆ ಬೇಕು

ಅಕ್ಕಂದಿರೇ, ನಿಮ್ಮ ಹಸುವಿನ ಕಿವಿಯೋಲೆಯಲ್ಲಿ 12 ಅಂಕಿ ಇದೆ. ಅದನ್ನು ಒತ್ತಿದರೆ ಲಸಿಕೆ ಯಾವಾಗ ಹಾಕಿದ್ದು, ಗರ್ಭಧಾರಣೆ ಯಾವಾಗ ಆದದ್ದು ಎಲ್ಲ ನಮ್ಮ ಫೋನಿನಲ್ಲಿ ಬರುತ್ತದೆ. ಅದೇ ಕೊಟ್ಟಿಗೆಯಿಂದ ಕೂಗಳತೆಯಲ್ಲಿ, ದನ ಉಳಿಸಲು ಹೋಗಿ ಸತ್ತವನ ಕಲ್ಲೊಂದು ಬೇಲಿಯೊಳಗೆ ವಾಲಿಕೊಂಡಿರುತ್ತದೆ. ಅದಕ್ಕೆ ನಂಬರೂ ಇಲ್ಲ, ಲೆಕ್ಕವೂ ಇಲ್ಲ.

ಶಿಕಾರಿಪುರ, ಸೊರಬದ ಹಳ್ಳಿಗಳನ್ನು ಸುತ್ತುವುದು ನನ್ನ ಕೆಲಸ. ತಾಳಗುಂದದ ಕಂಬ, ಬಳ್ಳಿಗಾವಿಯ ಕೇದಾರೇಶ್ವರ, ಕುಬಟೂರಿನ ಕೈಟಭೇಶ್ವರ ಇವುಗಳ ಬಗ್ಗೆ ಪುಸ್ತಕಗಳಿವೆ, ನೋಡಲು ಬರುವವರಿದ್ದಾರೆ. ನನ್ನ ಚಿಂತೆ ಹೊಲದ ಬದುವಿನ ಕಲ್ಲುಗಳದ್ದು. ಹಳಗನ್ನಡದಲ್ಲಿ ತುರು ಎಂದರೆ ದನ. ಹಿಂಡನ್ನೇ ಹೊಡೆದುಕೊಂಡು ಹೋಗುವುದಕ್ಕೆ ತುರುಗೋಳ್ ಎನ್ನುತ್ತಿದ್ದರು. ಅದನ್ನು ತಡೆದು ಸತ್ತವನಿಗೆ ವೀರಗಲ್ಲು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾದಾಟ, ಪಕ್ಕದಲ್ಲಿ ದನ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಬಳೆ ತೊಟ್ಟ ಕೈ ಎತ್ತಿದ್ದರೆ ಅದು ಮಾಸ್ತಿಕಲ್ಲು, ಗಂಡನ ಚಿತೆ ಏರಿದ ಹೆಣ್ಣಿನದು. ಅದನ್ನು ಮೆಚ್ಚಬೇಕಿಲ್ಲ, ಮರೆಯಲೂಬಾರದು.

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ (1902) ಶಿಕಾರಿಪುರದ, 8ರಲ್ಲಿ (1904) ಸೊರಬದ ಶಾಸನಗಳಿವೆ. ಈಗ ಅವು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಕಾಲೇಜಿಗೆ ಹೋಗುವ ಮಗಳ ಕೈಲಿ ನಿಮ್ಮೂರಿನ ಹೆಸರು ಹುಡುಕಿಸಿ. ಆದರೆ ಅವರು ಕೂಡಿಸಿದ್ದು ಅಕ್ಷರವಿದ್ದ ಕಲ್ಲುಗಳನ್ನು. ಬರೀ ಚಿತ್ರವಿದ್ದವು ಹೊರಗುಳಿದವು.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಕಲ್ಲು ಹೋದರೂ ಅಕ್ಷರ ಉಳಿಯಲಿ ಎಂದು. ನಮಗೆ ಅಷ್ಟೆಲ್ಲ ಯಂತ್ರ ಬೇಡ. ಕತ್ತಲಾಗುವ ಹೊತ್ತಿಗೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಹಿಡಿದು ಫೋಟೋ ತೆಗೆಯಿರಿ, ಹಗಲಲ್ಲಿ ಕಾಣದ ಗೆರೆಯೂ ಎದ್ದು ಕಾಣುತ್ತದೆ. ಎಣ್ಣೆ ಬಳಿಯುವುದು, ಉಜ್ಜುವುದು ಬೇಡ. ಆ ಹೊಲದ ಹೆಸರು, ಆ ಕಲ್ಲಿಗೆ ಊರಲ್ಲಿ ಕರೆಯುವ ಹೆಸರು, ಅದಕ್ಕೆ ಯಾವ ಹಬ್ಬದಲ್ಲಿ ಹಾಲು ಎರೆಯುತ್ತಾರೆ ಎಂಬುದನ್ನು ಅಜ್ಜಿಯ ದನಿಯಲ್ಲೇ ರೆಕಾರ್ಡ್ ಮಾಡಿ. ಕಲ್ಲಿಗಿಂತ ಮೊದಲು ಹೋಗುವುದು ಆ ದನಿ.

ಆದರೆ ಜಾಗದ ಗುರುತನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದಕ್ಕೆ ನನ್ನ ತಕರಾರಿದೆ. ನಿಧಿಯ ಆಸೆಗೆ ಕಲ್ಲು ಕೀಳುವವರೂ ಗುಂಪುಗಳಲ್ಲಿರುತ್ತಾರೆ. ಚಿತ್ರ ಹಂಚಿ, ಲೊಕೇಶನ್ ಬೇಡ. ಅದನ್ನು ಶಿವಮೊಗ್ಗದ ಶಿವಪ್ಪನಾಯಕ ಅರಮನೆ ವಸ್ತುಸಂಗ್ರಹಾಲಯದವರಿಗೆ ತಿಳಿಸಿ. ವೀರ ಯಾವ ಜಾತಿಯವನು ಎಂಬ ಜಗಳಕ್ಕಂತೂ ಇಳಿಯಲೇಬೇಡಿ. ದನ ಎಲ್ಲರವೂ ಇದ್ದವು.

“ಇಲಾಖೆಗೆ ಹೇಳಿದ್ರೆ ಜಮೀನು ಹೋಗಲ್ವಾ ಡಾಕ್ಟ್ರೇ?” ಎಂಬ ಭಯ ನಿಮಗಿದ್ದರೆ ತಪ್ಪಲ್ಲ. ಫೋಟೋ ತೆಗೆದ ಮಾತ್ರಕ್ಕೆ ಜಮೀನು ಹೋಗುವುದಿಲ್ಲ. ಸಂರಕ್ಷಿತ ಸ್ಮಾರಕದ ನಿರ್ಬಂಧಗಳು ಬರಬೇಕಾದರೆ ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಬದು ಸವರಲು ಜೆಸಿಬಿ ಕರೆಸುವ ಹಿಂದಿನ ದಿನವಾದರೂ ನಾಲ್ಕು ಕಡೆಯಿಂದ ಫೋಟೋ ತೆಗೆದಿಟ್ಟು, ಕಲ್ಲಿರುವ ಜಾಗವನ್ನು ಡ್ರೈವರ್‌ಗೆ ತೋರಿಸಿ.