ಮಲ್ಲಯ್ಯನ ದಾರಿಯಲ್ಲಿ ಪಾದದ ಕಾಳಜಿ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುತ್ತಿದ್ದಂತೆ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ಜನ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಕಂಬಿ ಹೊತ್ತವರು, ಹರಕೆ ಹೊತ್ತವರು, ವಯಸ್ಸಾದ ತಾಯಂದಿರು, ಕಾಲೇಜು ಹುಡುಗರು ಎಲ್ಲರೂ ಒಂದೇ ದಾರಿಯ ಪಯಣಿಗರು. ಆತ್ಮಕೂರಿನ ಆಚೆ ವೆಂಕಟಾಪುರ ದಾಟಿದರೆ ನಲ್ಲಮಲ ಕಾಡು. ನಾಗಲೂಟಿ, ಪೆದ್ದಚೆರುವು, ಭೀಮುನಿಕೊಳನು, ಕೈಲಾಸದ್ವಾರ ಎಂದು ಸಾಗುವ ಆ ಕಲ್ಲುದಾರಿಯಲ್ಲಿ ಏರು ಇಳಿತಗಳಿವೆ, ವಾಹನವಿಲ್ಲ.

ಈ ನಡಿಗೆ ಬೇಡವೆನ್ನುವುದು ಇಲ್ಲಿನ ಉದ್ದೇಶವಲ್ಲ. ಆದರೆ ಬ್ರಹ್ಮಪುರದ ಓಣಿಯಿಂದಾಗಲಿ, ಕಮಲಾಪುರದ ಹೊಲಮನೆಯಿಂದಾಗಲಿ ಹೊರಡುವವರಿಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡುವ ಮನೆಯವರು ಅವರ ಪಾದಗಳನ್ನು ಒಮ್ಮೆ ತಿರುಗಿಸಿ ನೋಡುವುದು ಅಪರೂಪ. ನೋಡಬೇಕಾದದ್ದು ಮೊದಲು ಅದನ್ನೇ.

ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರಲ್ಲಿ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಳ್ಳುತ್ತವೆ. ಮುಳ್ಳು ಚುಚ್ಚಿದರೂ, ಕಾದ ಡಾಂಬರಿನಲ್ಲಿ ಚರ್ಮ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ನೋವಿಲ್ಲದ ಗಾಯ ಕೀವು ಹಿಡಿದು, ಕೊನೆಗೆ ಬೆರಳನ್ನೋ ಪಾದವನ್ನೋ ಕತ್ತರಿಸಬೇಕಾದ ಸ್ಥಿತಿ ಬರಬಹುದು. ‘ಬರಿಗಾಲಲ್ಲಿ ನಡೆಯುವುದೇ ನನ್ನ ಹರಕೆ’ ಎನ್ನುವ ಹಿರಿಯರಿಗೆ ಮಕ್ಕಳು ಎದುರು ಮಾತಾಡಲು ಅಂಜುತ್ತಾರೆ. ಅಂಜಬಾರದು. ಚರ್ಮದ ಚಪ್ಪಲಿ ಬೇಡವೆಂದರೆ ಕ್ಯಾನ್‌ವಾಸ್ ಬೂಟು ಉಂಟು. ಗುಡಿಯ ಮುಂದೆ ಅದನ್ನು ಬಿಟ್ಟರಾಯಿತು. ಬೂಟನ್ನು ಹಿಂದಿನ ದಿನ ಕೊಳ್ಳದೆ, ತಿಂಗಳು ಮೊದಲೇ ಕೊಂಡು ದಿನವೂ ಹಾಕಿ ನಡೆದು ರೂಢಿ ಮಾಡಿಕೊಳ್ಳಬೇಕು. ರಾತ್ರಿ ತಂಗಿದಲ್ಲಿ ಜೊತೆಗಾರರು ಪರಸ್ಪರ ಪಾದ ನೋಡಿಕೊಳ್ಳಲಿ. ಗುಳ್ಳೆ ಎದ್ದಿದ್ದರೆ ಒಡೆಯದೆ, ಸ್ವಚ್ಛ ಬಟ್ಟೆ ಸುತ್ತಿ ಉಜ್ಜದಂತೆ ಕಾಪಾಡಬೇಕು. ತಾನಾಗಿ ಒಡೆದರೆ ಮೇಲಿನ ಚರ್ಮ ಕೀಳಬಾರದು. ಧನುರ್ವಾಯು ಚುಚ್ಚುಮದ್ದನ್ನು ಹೊರಡುವ ಮುನ್ನವೇ ವಿಚಾರಿಸಿಕೊಳ್ಳಿ.

ಉಪವಾಸವಿದ್ದು ನಡೆಯುತ್ತ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವುದು ಇನ್ನೊಂದು ಅಪಾಯ. ಕೈ ನಡುಗಿ, ಬೆವರಿ, ಮಾತು ತಡವರಿಸಿದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಔಷಧದ ಪ್ರಮಾಣವನ್ನು ಹೇಗೆ ಬದಲಿಸಬೇಕೆಂದು ವೈದ್ಯರನ್ನು ಕೇಳಿಯೇ ಹೊರಡಬೇಕು.

ಇನ್ನು ಬಿಸಿಲು. ಯುಗಾದಿಯ ಹೊತ್ತಿಗೆ ನಮ್ಮ ಭಾಗದ ಹಗಲಿನ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಬಂದಿರುತ್ತದೆ. ನಸುಕಿನಲ್ಲಿ ಎದ್ದು ಹತ್ತು ಗಂಟೆಯೊಳಗೆ ನಡೆದು, ಮತ್ತೆ ಸಂಜೆ ನಾಲ್ಕರ ನಂತರ ಹೊರಡುವುದು ಜಾಣತನ. ಬೆವರಿನಲ್ಲಿ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದರೆ ಸಾಲದು. ಉಪ್ಪು ಹಾಕಿದ ಮಜ್ಜಿಗೆ ಉತ್ತಮ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿದರಾಯಿತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬಂಗಾವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಇಂಥದೇ ಉಪ್ಪು-ಗ್ಲೂಕೋಸ್ ನೀರನ್ನು ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಇದರ ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು.

ಬಿಸಿಲಿಗೆ ತಲೆಸುತ್ತು, ವಾಕರಿಕೆ ಬಂದವರನ್ನು ನೆರಳಿಗೆ ಮಲಗಿಸಿ ನೀರು ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ. ಆದರೆ ಮೈ ಕೆಂಡದಂತಾಗಿ, ತೊದಲಿ, ಸಂಬಂಧವಿಲ್ಲದ ಮಾತಾಡತೊಡಗಿದರೆ ಅದು ಬಿಸಿಲಿನ ಹೊಡೆತ, ಪ್ರಾಣಕ್ಕೇ ಕುತ್ತು. ಜ್ವರದ ಮಾತ್ರೆ ಇದಕ್ಕೆ ನಾಟುವುದಿಲ್ಲ. ಮೈಮೇಲೆ ನೀರು ಸುರಿದು, ಒದ್ದೆ ಬಟ್ಟೆ ಹೊದಿಸಿ, ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು.

ಕಲ್ಲುದಾರಿಯಲ್ಲಿ ಕಾಲು ಉಳುಕಿದರೆ ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ರೂಢಿ. ಮೊದಲ ಎರಡು ದಿನ ತಿಕ್ಕಿದರೆ ಬಾವು ಹೆಚ್ಚುತ್ತದೆ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ಎತ್ತರಕ್ಕಿಟ್ಟು, ತಣ್ಣೀರ ಪಟ್ಟಿ ಹಾಕಬೇಕು. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಮೂಳೆ ಮುರಿದಿರಬಹುದೆಂದು ತಿಳಿದು ಕ್ಷ-ಕಿರಣ ಪರೀಕ್ಷೆ ಮಾಡಿಸಬೇಕು.

ಬಯಲಲ್ಲಿ ಮಲಗುವವರಿಗೆ ಹಾವಿನ ಭಯವೂ ಇದೆ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಚ್ಚುತ್ತದೆ. ನೋವು, ಬಾವು ಇಲ್ಲದಿರುವುದರಿಂದ ಕಚ್ಚಿದ್ದೇ ಗೊತ್ತಾಗದಿರಬಹುದು. ಸೊಳ್ಳೆಪರದೆಯನ್ನು ಹಾಸಿಗೆಯ ಅಡಿ ಸಿಕ್ಕಿಸಿ ಮಲಗುವುದು, ಬ್ಯಾಟರಿ ಇಲ್ಲದೆ ಕತ್ತಲಲ್ಲಿ ಕಾಲಿಡದಿರುವುದು ಒಳ್ಳೆಯದು. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಬೇಡವೇ ಬೇಡ. ಆ ಕೈಕಾಲನ್ನು ಕೋಲು ಕಟ್ಟಿ ಅಲುಗಾಡದಂತೆ ಮಾಡಿ, ನಡೆಸದೆ ಹೊತ್ತು ಆಸ್ಪತ್ರೆಗೆ ಸಾಗಿಸಬೇಕು. ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು ಕರ್ನಾಟಕ 2024ರಲ್ಲಿ ನಿಯಮ ಮಾಡಿದೆ. ನಾವೂ ಅದನ್ನು ಮಂತ್ರಕ್ಕಲ್ಲ, ಮದ್ದಿಗೆ ಒಪ್ಪಿಸಬೇಕು.

ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಊರು ನಮ್ಮದು. ದಾರಿಯುದ್ದಕ್ಕೂ ಅನ್ನ, ಹುಗ್ಗಿ ನೀಡುವ ದಾನಿಗಳಿಗೆ ಒಂದು ವಿನಂತಿ: ಒಂದು ಸಿಹಿ ಕಡಿಮೆಯಾಗಲಿ, ಅದರ ಬದಲು ಕಾಲು ತೊಳೆಯಲು ನೀರು, ಸಾಬೂನು, ಶುದ್ಧ ಬಟ್ಟೆ, ಓಆರ್‌ಎಸ್ ಪೊಟ್ಟಣ ಇರಲಿ. ತಂಡಗಳಿಗೆ ಮತ್ತೊಂದು: ಎಲ್ಲರಿಗಿಂತ ನಿಧಾನ ನಡೆಯುವವರ ವೇಗವೇ ತಂಡದ ವೇಗವಾಗಲಿ, ಅವರ ಹಿಂದೆ ಒಬ್ಬ ಗಟ್ಟಿಗ ಇರಲಿ. ಆಗದೆಂದು ಅರ್ಧ ದಾರಿಯಲ್ಲಿ ಬಸ್ಸು ಹತ್ತಿದವರನ್ನು ಹರಕೆ ಮುರಿದವರೆಂದು ಆಡಿಕೊಳ್ಳಬೇಡಿ. ಆ ಮಾತಿಗೆ ಅಂಜಿಯೇ ಎಷ್ಟೋ ಹಿರಿಯರು ನೋವನ್ನು ಬಚ್ಚಿಟ್ಟು ನಡೆಯುತ್ತಾರೆ.